ಆ ಹೊತ್ತಿನ ಕಾಟ

ರಾತ್ರಿ 3 ಗಂಟೆಗೆ ಫೋನ್ ನೋಡುವ ಚಟ ನನಗೆ ಹೋದ ವರ್ಷ ಹತ್ತಿಕೊಂಡಿತು. ನಮ್ಮವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನದಲ್ಲಿ ರಿಪೋರ್ಟ್ ಬರುತ್ತೆ ಅಂದಿದ್ದರು. ನಾಲ್ಕು ಹೋಗಿ ಆರಾಯಿತು, ಆರು ಹೋಗಿ ಒಂಬತ್ತಾಯಿತು. ಲ್ಯಾಬಿನ ಆ್ಯಪ್ ತೆರೆದರೆ ಒಂದೇ ಮಾತು: 'ಪರಿಶೀಲನೆಯಲ್ಲಿದೆ'.

ನಡುರಾತ್ರಿ ಯಾರೂ ಕೂತು ರಿಪೋರ್ಟ್ ಹಾಕುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ದಿಂಬಿನ ಕೆಳಗೆ ಹೋಗುತ್ತಿತ್ತು. ಬೆಳಕು ಇವರ ಮುಖಕ್ಕೆ ಬೀಳಬಾರದು ಅಂತ ಹೊದಿಕೆಯೊಳಗೆ ತಲೆ ತೂರಿಸಿಕೊಂಡು, ಹೆಬ್ಬೆರಳಿನಿಂದ ಪರದೆಯನ್ನು ಕೆಳಕ್ಕೆಳೆದು ಬಿಡುತ್ತಿದ್ದೆ. ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದು ತಿರುಗುವಷ್ಟು ಹೊತ್ತು ಉಸಿರು ಕಟ್ಟಿಕೊಂಡಿರುತ್ತಿದ್ದೆ. ಮತ್ತೆ ಅದೇ ಮಾತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಚರ್ಚಿನ ಸಭೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುವವಳು ನಾನೇ. ಯಾರ ಮನೆಯಲ್ಲಿ ಏನು ಕಷ್ಟ, ಯಾರಿಗೆ ಯಾವತ್ತು ಆಪರೇಷನ್, ಯಾರ ಮಗನ ಸಂದರ್ಶನ ಎಂದು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಒಂದೊಂದಾಗಿ ದೇವರ ಮುಂದೆ ಇಡುತ್ತೇವೆ. ಉತ್ತರ ಬಂದದ್ದರ ಪಕ್ಕದಲ್ಲಿ ಸಣ್ಣದೊಂದು ಗುರುತು ಹಾಕುತ್ತೇನೆ. ಆ ಎರಡು ವಾರ ನಮ್ಮವರ ವಿಷಯ ಮಾತ್ರ ನಾನು ಕೂಟದಲ್ಲಿ ಎತ್ತಲೇ ಇಲ್ಲ. ಎತ್ತಿದರೆ ಗಂಟಲು ಕಟ್ಟುತ್ತದೆ, ಗಂಟಲು ಕಟ್ಟಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಧೈರ್ಯ ಹೇಳುವವಳೇ ನಡುಗಿದರೆ ಹೇಗೆ?

ಅದೇ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಇನ್ನೊಂದು ಪಟ್ಟಿ ಬೆಳೆಯುತ್ತಿತ್ತು. ಪ್ರತಿ ಸಾಲೂ 'ಒಂದು ವೇಳೆ' ಅಂತಲೇ ಶುರುವಾಗುತ್ತಿತ್ತು. ಒಂದು ವೇಳೆ ಕ್ಯಾನ್ಸರ್ ಅಂದರೆ. ಒಂದು ವೇಳೆ ಆಪರೇಷನ್ ಆದ ಮೇಲೆ ಧ್ವನಿ ಹೋದರೆ. ಒಂದು ವೇಳೆ ಕೆಲಸ ಬಿಡಬೇಕಾಗಿ ಬಂದರೆ. ಒಂದು ವೇಳೆ ಮಗಳಿಗೆ ಹೇಳಬೇಕಾಗಿ ಬಂದರೆ, ಯಾರು ಹೇಳುವುದು, ಹೇಗೆ? ಒಟ್ಟು 17 ಸಾಲು. ಎಲ್ಲ ಬರೆದಿಟ್ಟರೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಒಂದು ಸಾಲು ಬರೆದರೆ ಅದರ ಹಿಂದೆಯೇ ಇನ್ನೆರಡು ಸಾಲು ಬಂದು ನಿಲ್ಲುತ್ತಿದ್ದವು.

ಇವರಾದರೋ ಮಲಗಿದರೆ ಎಚ್ಚರವೇ ಇಲ್ಲ. ಗಂಟು ಇರುವುದು ಇವರ ಕುತ್ತಿಗೆಯಲ್ಲಿ, ನಿದ್ದೆ ಹೋಗಿರುವುದು ನನ್ನದು! ಒಂದು ರಾತ್ರಿ ತಡೆಯಲಾರದೆ ಅಲುಗಿಸಿ ಎಬ್ಬಿಸಿಯೇ ಬಿಟ್ಟೆ.

"ನಿಮಗೆ ಏನೂ ಅನ್ನಿಸಲ್ವಾ?"

"ಏನಾಯ್ತು?" ಅಂತ ಗಾಬರಿಯಿಂದ ಎದ್ದು ಕೂತರು.

"ಏನೂ ಆಗಿಲ್ಲ. ರಿಪೋರ್ಟ್ ಬಂದಿಲ್ಲ."

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಬೆಳಗ್ಗೆ ಬಂದ್ರೆ ಬೆಳಗ್ಗೆ ನೋಡೋಣ, ಮಲಗು" ಅಂದರು. ಎರಡೇ ನಿಮಿಷ, ಮತ್ತೆ ಗೊರಕೆ. ನನಗೆ ಅಳು ಬರುವಷ್ಟು ಸಿಟ್ಟು.

ದೋಣಿಯಲ್ಲಿದ್ದ ಯೇಸುವಿನ ಶಿಷ್ಯರ ಸಿಟ್ಟು ನನಗೆ ಅರ್ಥವಾದದ್ದು ಆ ರಾತ್ರಿ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ. ಗಲಿಲಾಯ ಸರೋವರ ಸಮುದ್ರ ಮಟ್ಟಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಸುತ್ತ ಗುಡ್ಡಗಳು. ಅಲ್ಲಿಂದ ಗಾಳಿ ಇಳಿದು ಬಂತೆಂದರೆ ನೀರು ಇದ್ದಕ್ಕಿದ್ದ ಹಾಗೆ ಏಳುತ್ತದೆ. ದೋಣಿಯಲ್ಲಿದ್ದ ಕೆಲವರು ಆ ನೀರಿನ ಮೇಲೇ ಬದುಕಿದ ಬೆಸ್ತರು. ಹೆದರಬೇಕಾದದ್ದು ಯಾವುದು, ಹೆದರಬೇಕಿಲ್ಲದ್ದು ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೇ ಹೆದರಿದ್ದರು. ಯೇಸು ಸ್ವಾಮಿ ಮಾತ್ರ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ. ದಿಂಬಿನ ಮಾತು ಬರೆದಿರುವವನು ಮಾರ್ಕನೊಬ್ಬನೇ. ಆ ಸಣ್ಣ ವಿವರವೇ ಸಿಟ್ಟು ಬರಿಸುವುದು, ಅಲ್ವಾ? ನಾವು ಇಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದೇವೆ, ಇವನಿಗೆ ದಿಂಬು! ಅವರು ಎಬ್ಬಿಸಿ ಕೇಳಿದ್ದೂ ಸಹಾಯ ಮಾಡು ಅಂತಲ್ಲ. ನಾವು ಮುಳುಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೋ ಅಂತ. ನಾನು ಇವರನ್ನು ಎಬ್ಬಿಸಿ ಕೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.

ಇದೇ ಕಥೆಯನ್ನು ಮತ್ತಾಯನೂ ಬರೆದಿದ್ದಾನೆ. ಅಲ್ಲಿ ಯೇಸು ಮೊದಲು ಯಾಕೆ ಹೆದರುತ್ತೀರಿ ಅಂತ ಕೇಳಿ, ಆಮೇಲೆ ಗಾಳಿಯನ್ನು ಗದರಿಸುತ್ತಾನೆ. ಮಾರ್ಕನಲ್ಲಿ ಮೊದಲು ಗಾಳಿ ನಿಲ್ಲುತ್ತದೆ, ಪ್ರಶ್ನೆ ಆಮೇಲೆ. ಪಂಡಿತರು ಈ ವ್ಯತ್ಯಾಸಕ್ಕೆ ಏನು ಹೇಳುತ್ತಾರೋ ಹೇಳಲಿ, ನನಗೆ ಮಾರ್ಕನ ಕ್ರಮವೇ ಇಷ್ಟ. ಮುಳುಗುವವರಿಗೆ ಪಾಠ ಬೇಡ. ಮೊದಲು ದೋಣಿ ನಿಲ್ಲಲಿ.

ಪಾಠದ ವಿಷಯಕ್ಕೆ ಬಂದರೆ ನನ್ನದೂ ಒಂದು ತಪ್ಪಿದೆ. ಕೆಲವು ವರ್ಷದ ಹಿಂದೆ ಕೂಟಕ್ಕೆ ಒಬ್ಬ ಹುಡುಗಿ ಬರುತ್ತಿದ್ದಳು. ಜನ ತುಂಬಿದ ಕಡೆ ಎದೆ ಡವಡವ ಅನ್ನುತ್ತೆ, ಕೈ ಬೆವರುತ್ತೆ, ಸತ್ತೇ ಹೋಗ್ತೀನೇನೋ ಅನ್ನಿಸುತ್ತೆ ಅಕ್ಕ, ಅಂತ ಒಂದು ದಿನ ಹೇಳಿಕೊಂಡಳು. "ನಂಬಿಕೆ ಇರೋ ಕಡೆ ಭಯ ಇರಲ್ಲಮ್ಮ, ಜಾಸ್ತಿ ಪ್ರಾರ್ಥನೆ ಮಾಡು" ಅಂದುಬಿಟ್ಟೆ. ತಲೆಯಾಡಿಸಿದಳು. ಆಮೇಲೆ ಬರುವುದನ್ನೇ ಬಿಟ್ಟಳು. ಆಗ ನನಗೆ ಅದು ತಟ್ಟಲೂ ಇಲ್ಲ. ಒಂಬತ್ತನೇ ರಾತ್ರಿ ಹೊದಿಕೆಯೊಳಗೆ ನನ್ನ ಎದೆಯೇ ಡವಡವ ಅನ್ನತೊಡಗಿದಾಗ ಆ ಮುಖ ಕಣ್ಣೆದುರು ಬಂತು. ಅವಳೇನು ಪ್ರಾರ್ಥನೆ ಮಾಡದೆ ಇದ್ದಳೇ? ನನಗಿಂತ ಜಾಸ್ತಿ ಮಾಡಿರಬೇಕು.

'ಯಾವ ಸಂಬಂಧವಾಗಿಯೂ ಚಿಂತೆ ಮಾಡದೆ' ಅಂತ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದನ್ನು ನಾವು ಬೆತ್ತದ ಹಾಗೆ ಬಳಸುತ್ತೇವೆ. ಬರೆದವನು ಸೆರೆಯಲ್ಲಿದ್ದ, ಮುಂದೆ ಬಿಡುಗಡೆಯೋ ಸಾವೋ ಅಂತ ಅವನಿಗೇ ಗೊತ್ತಿರಲಿಲ್ಲ. ಇದೇ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ತಾನು ತಿಂದ ಏಟು, ಒಡೆದ ಹಡಗು, ನಿದ್ದೆಯಿಲ್ಲದ ರಾತ್ರಿ ಎಲ್ಲ ಲೆಕ್ಕ ಹಾಕಿ, ಕೊನೆಗೆ ಎಲ್ಲ ಸಭೆಗಳ ಚಿಂತೆ ದಿನಾ ನನ್ನ ಮೇಲೆ ಬೀಳುತ್ತದೆ ಅನ್ನುತ್ತಾನೆ. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಬೇರಿನ ಪದ. ಸಂತೋಷಪಡಿ, ಸಂತೋಷಪಡಿ ಅಂತ ಹೇಳುವ ಆ ಫಿಲಿಪ್ಪಿ ಪತ್ರದಲ್ಲೇ, ಸಾಯುವ ಹಾಗಾಗಿದ್ದ ಗೆಳೆಯ ಎಪಫ್ರೊದೀತನ ಮಾತು ಬಂದಾಗ, ದೇವರು ಅವನನ್ನು ಉಳಿಸಿ ನನಗೆ ದುಃಖದ ಮೇಲೆ ದುಃಖ ಬಾರದಂತೆ ಮಾಡಿದ ಅಂತ ಬರೆಯುತ್ತಾನೆ. ಈ ಮನುಷ್ಯ ಕಲ್ಲಾಗಿರಲಿಲ್ಲ. ಚಿಂತೆ ಬಂದೇ ಬರುತ್ತದೆ ಅಂತ ಗೊತ್ತಿದ್ದವನು, ಬಂದಾಗ ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಗಬೇಕು ಅಂತ ಹೇಳುತ್ತಿದ್ದ.

ಔಷಧಿ ವಿಷಯದಲ್ಲೂ ನಮ್ಮ ಸಭೆಯವರದು ಒಂದು ವಿಚಿತ್ರ. ಬಿಪಿ ಮಾತ್ರೆಗೆ ಯಾರೂ ಏನೂ ಅನ್ನುವುದಿಲ್ಲ. ಆತಂಕಕ್ಕೆ ಮಾತ್ರೆ ಅಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಅಂತ ಬರೆದವನೂ ಪೌಲನೇ. ಜೊತೆಗಿದ್ದ ಲೂಕ ವೈದ್ಯ. ಇನ್ನು ಪ್ರವಾದಿ ಎಲೀಯನ ಕಥೆ. ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಅಷ್ಟೇ ಹೇಳಿದ. ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಅಷ್ಟೇ ಇತ್ತು.

ಹತ್ತನೇ ದಿನ ಕೂಟ ಮುಗಿದ ಮೇಲೆ ಒಬ್ಬ ಅಜ್ಜಿ ಮಾತ್ರ ಹಿಂದೆ ಉಳಿದರು. ಸಭೆಯಲ್ಲಿ ಅವರ ಬಾಯಿಗೆ ಎಲ್ಲರೂ ಹೆದರುತ್ತಾರೆ.

"ಎಲ್ಲರ ಹೆಸರೂ ಹೇಳ್ದೆ, ನಿಂದು ಯಾಕೆ ಹೇಳ್ಲಿಲ್ಲ?"

ಅಷ್ಟೇ ಸಾಕಾಯಿತು. ಎಲ್ಲ ಹೊರಗೆ ಬಂತು. ಅಳು, ಗಂಟು, ಆ್ಯಪು, 17 ಸಾಲು ಎಲ್ಲ. ಪ್ರಾರ್ಥನೆ ಮಾಡಿದ ಮೇಲೂ ಭಯ ಹೋಗ್ತಾ ಇಲ್ಲ ಅಜ್ಜಿ, ಅಂದೆ.

"ಹೋಗದಿದ್ರೆ ಇರ್ಲಿ ಬಿಡು. ಭಯ ಇಟ್ಕೊಂಡೇ ಕೆಲಸ ಮಾಡು. ನಾನೂ ಹಾಗೇ ಮಾಡಿದ್ದು."

ಆಮೇಲೆ ನನ್ನ ಸತ್ಯವೇದ ತೆಗೆಸಿ 13ನೇ ಕೀರ್ತನೆಯನ್ನು ಜೋರಾಗಿ ಓದಿಸಿದರು. ಮೊದಲ ಎರಡೇ ವಚನದಲ್ಲಿ ದಾವೀದ ದೇವರಿಗೆ 'ಎಷ್ಟರವರೆಗೆ' ಅಂತ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇ ಬಿಟ್ಟೆಯಾ ಅಂತ ನೇರವಾಗಿ ಕೇಳುತ್ತಾನೆ. ನಾನು ಅಷ್ಟು ದಿನ ಮಾಡಿದ ಪ್ರಾರ್ಥನೆ ಎಂಥದ್ದು? ನೀನು ಒಳ್ಳೆಯವನು, ನಿನ್ನ ಚಿತ್ತವಾಗಲಿ, ಸ್ತೋತ್ರ, ಆಮೆನ್. ಎಲ್ಲ ಸರಿಯಾದ ಮಾತೇ. ಆದರೆ ಭಯದ ಹೆಸರು ಅದರಲ್ಲಿ ಒಂದು ಸಲವೂ ಇರಲಿಲ್ಲ. ದೇವರ ಮುಂದೆಯೂ ಕೂಟ ನಡೆಸುವವಳ ಹಾಗೆಯೇ ನಿಂತಿದ್ದೆ. ಕೀರ್ತನೆಗಳು 150 ಇವೆ, ಅವುಗಳಲ್ಲಿ ಗೋಳಾಟವೇ ದೊಡ್ಡ ಪಾಲು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅಂಥದ್ದನ್ನೂ ಪ್ರಾರ್ಥನೆ ಅಂತಲೇ ಇಟ್ಟುಕೊಂಡಿದ್ದಾರೆ.

ಆ ದಿನಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಯಾರೋ ವಾಟ್ಸಾಪ್‌ನಲ್ಲಿ ಯೆರೆಮೀಯ 29ರ 11ನೇ ವಚನ ಕಳಿಸಿದರು. ಹಿಂದೆ ಹೂವಿನ ಚಿತ್ರ. ನಿಮಗೆ ಗತಿಯಾಗಲಿ, ನಿರೀಕ್ಷೆಯಿರಲಿ ಅಂತ ದೇವರು ಹೇಳುವ ಆ ವಾಗ್ದಾನ ಗೊತ್ತಲ್ಲ, ಅದೇ. ಸುಮ್ನೆ ಹಿಂದಿನ ವಚನ ನೋಡಿದೆ. 10ನೆಯದರಲ್ಲಿ 70 ವರ್ಷ ಅಂತಿದೆ. ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಬೇಗ ಬಿಡುಗಡೆ ಅನ್ನುವವರ ಮಾತು ಕೇಳಬೇಡಿ ಅಂತ ಅದರಲ್ಲಿದೆ. ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಆ ಬಿಡುಗಡೆಯನ್ನು ಕಣ್ಣಾರೆ ನೋಡಿರಲಾರರು. ಇದು ತಿಳಿದ ಮೇಲೆ ವಾಗ್ದಾನ ಸಣ್ಣದಾಯಿತು ಅಂತ ನನಗೆ ಅನ್ನಿಸಲಿಲ್ಲ. ಹೂವಿನ ಚಿತ್ರ ಮಾತ್ರ ಹೊಂದಲಿಲ್ಲ.

ನನಗೆ ನಿಜಕ್ಕೂ ಕೈ ಹಿಡಿದದ್ದು ಮನ್ನದ ಕಥೆ. ವಿಮೋಚನಕಾಂಡ 16. ಐಗುಪ್ತದ ಗುಲಾಮಗಿರಿ ಬಿಟ್ಟು ಹೊರಟ ಇಸ್ರಾಯೇಲರಿಗೆ ಮರಳುಗಾಡಿನಲ್ಲಿ ದೇವರು ಆಕಾಶದಿಂದ ಸುರಿಸಿದ ಆಹಾರವೇ ಮನ್ನ. ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೆ ದಿನಕ್ಕೆ ಒಂದು ಓಮೆರ್, ಅಂದರೆ ಹತ್ತಿರ ಹತ್ತಿರ 2 ಲೀಟರ್ ಅಳತೆ. ನಾಳೆಗೆ ಎತ್ತಿಡುವ ಹಾಗಿಲ್ಲ. ಕೆಲವರು ಎತ್ತಿಟ್ಟರು. ಬೆಳಗ್ಗೆ ನೋಡಿದರೆ ಹುಳ ಬಿದ್ದು ನಾರುತ್ತಿತ್ತು. ಸಬ್ಬತ್ ಅನ್ನುವ ವಿಶ್ರಾಂತಿಯ ದಿನಕ್ಕೆಂದು ಆರನೇ ದಿನ ಎರಡರಷ್ಟು ಕೂಡಿಸಿಕೊಂಡಾಗ ಮಾತ್ರ ಕೆಡಲಿಲ್ಲ. ಮಕ್ಕಳಿಗೆ ಇದನ್ನು ಹೇಳುವಾಗ ಎತ್ತಿಟ್ಟವರನ್ನು ದುರಾಸೆಯವರು ಅಂತಲೇ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನಿನ್ನೆಯವರೆಗೆ ಗುಲಾಮರಾಗಿದ್ದವರು, ಸುತ್ತ ಮರಳುಗಾಡು, ಜೊತೆಯಲ್ಲಿ ಮಕ್ಕಳು. ನಾಳೆ ಬೀಳದಿದ್ದರೆ? ಅವರದು ದುರಾಸೆಯಲ್ಲ, ಒಂದು ವೇಳೆ. ನನ್ನ 17 ಸಾಲಿನ ಹಾಗೆಯೇ.

ಇನ್ನೊಂದು ವಿಷಯ. ಮನ್ನವನ್ನು ಮೊದಲ ಸಲ ನೋಡಿದಾಗ ಅವರು 'ಇದೇನು?' ಅಂತ ಕೇಳಿದರು. ಹೆಸರು ಬಂದದ್ದು ಆ ಪ್ರಶ್ನೆಯಿಂದಲೇ. 40 ವರ್ಷ ಅವರು ಬೆಳಗಾದರೆ ಎದ್ದು ಕೂಡಿಸಿ ತಿಂದದ್ದು 'ಇದೇನು' ಅನ್ನುವುದನ್ನೇ. ದೇವರು ಮಾತು ಕೊಟ್ಟ ದೇಶ ಸೇರಿ ಅಲ್ಲಿನ ಬೆಳೆ ಉಂಡ ಮಾರನೇ ದಿನದಿಂದ ಅದು ನಿಂತುಹೋಯಿತು ಅಂತ ಯೆಹೋಶುವನ ಪುಸ್ತಕದಲ್ಲಿದೆ.

ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಅದೇ ಅಳತೆ. ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು. 'ಅನುದಿನದ' ಅಂತ ನಾವು ಹೇಳುವ ಕಡೆ ಗ್ರೀಕಿನಲ್ಲಿರುವ ಪದ ಹೊಸ ಒಡಂಬಡಿಕೆಯಲ್ಲಿ ಈ ಪ್ರಾರ್ಥನೆ ಬಿಟ್ಟು ಬೇರೆಲ್ಲೂ ಬರುವುದಿಲ್ಲ. ಅದರ ಸರಿಯಾದ ಅರ್ಥಕ್ಕೆ ಪಂಡಿತರು ಇನ್ನೂ ಜಗಳವಾಡುತ್ತಾರೆ. 'ಈ ಹೊತ್ತು' ಅನ್ನುವುದರಲ್ಲಿ ಜಗಳವಿಲ್ಲ. ಈ ಪ್ರಾರ್ಥನೆ ಇರುವ ಮತ್ತಾಯನ 6ನೇ ಅಧ್ಯಾಯದ ಕೊನೆಯಲ್ಲಿ ನಮ್ಮ ಹಳೆಯ ಸತ್ಯವೇದದ ಮಾತು: 'ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು.' ಕಾಟ ಇರುವುದಿಲ್ಲ ಅಂತ ಎಲ್ಲೂ ಹೇಳಿಲ್ಲ ನೋಡಿ. ಆ ಹೊತ್ತಿಗೆ ಸಾಕಾಗುವಷ್ಟು ಇರುತ್ತದೆ ಅಂತಲೇ ಒಪ್ಪಿಕೊಳ್ಳುತ್ತದೆ. ನಾಳಿನದನ್ನು ಇವತ್ತೇ ಹೊರಬೇಡ ಅನ್ನುತ್ತದೆ, ಅಷ್ಟೇ.

ನಾನು ದೇವರ ಹತ್ತಿರ ಕೇಳುತ್ತಿದ್ದದ್ದು 17 ಸಾಲಿಗೂ ಈಗಲೇ ಬಲ ಕೊಡು ಅಂತ. ಧ್ವನಿ ಹೋದರೆ ತಡೆದುಕೊಳ್ಳುವ ಬಲ, ಮಗಳಿಗೆ ಹೇಳುವ ಬಲ. ಅದು ಬರಲಿಲ್ಲ. ಬರಲಿಲ್ಲವಲ್ಲ ಅಂತ ನನ್ನ ನಂಬಿಕೆಯ ಮೇಲೇ ಅನುಮಾನಪಟ್ಟೆ. ಆದರೆ ಇನ್ನೂ ಬಾರದ ದಿನದ ಪಾಲು ಇವತ್ತು ಹೇಗೆ ಬಂದೀತು?

ಹನ್ನೊಂದನೇ ದಿನ ಮಧ್ಯಾಹ್ನ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ ಅಂದರು. ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಿದೆ. ಎಲ್ಲರೂ ಸ್ತೋತ್ರ ಅಂದರು.

ಕಥೆ ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಸಾಕ್ಷಿ ಹೇಳಿ ಮೂರು ದಿನಕ್ಕೆ ನನ್ನ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ನನ್ನ ಪಟ್ಟಿಯಲ್ಲಿ ಅಪ್ಪನ ಹೆಸರೇ ಇರಲಿಲ್ಲ. ಅಷ್ಟು ರಾತ್ರಿ ನಿದ್ದೆಗೆಟ್ಟು ತಯಾರಾಗಿದ್ದೆನಲ್ಲ, ಅದೆಲ್ಲ ಬೇರೆ ಯಾವುದಕ್ಕೋ.

ಆ ದಿನ ನಾನು ಹೇಗಿದ್ದೆ ಅಂತ ಈಗ ನೆನೆದರೆ ನನಗೇ ಆಶ್ಚರ್ಯ. ಬಾಗಿಲ ಚಿಲಕ ತೆಗೆಸಿದೆ. ಅಪ್ಪನ ಕಾಲು ಅಲುಗದ ಹಾಗೆ ಎರಡೂ ಕಡೆ ದಿಂಬು ಕೊಟ್ಟೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಕಾಗದಗಳಿಗೆ ಸಹಿ ಹಾಕಿದೆ. ಕೈ ನಡುಗಲಿಲ್ಲ. ದೊಡ್ಡ ಪ್ರಾರ್ಥನೆಯೇನೂ ಮಾಡಲಿಲ್ಲ. 'ಕರ್ತನೇ, ಕರ್ತನೇ' ಅಂತ ಬಾಯಲ್ಲಿತ್ತು ಅಷ್ಟೇ. ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಮೇಲೆ ನಡುಕ ಬಂತು, ಹಲ್ಲು ಕಟಕಟ ಅನ್ನುವಷ್ಟು. ಆ ಹೊತ್ತಿಗೆ ಅಲ್ಲಿ ಮಾಡಬೇಕಾದ ಕೆಲಸ ಏನೂ ಉಳಿದಿರಲಿಲ್ಲ.

ಅಪ್ಪ ಈಗ ವಾಕರ್ ಹಿಡಿದು ನಡೆಯುತ್ತಾರೆ. ಮೊದಲಿನ ಹಾಗೆ ಆಗುವುದಿಲ್ಲ ಅಂತ ವೈದ್ಯರು ಹೇಳಿಬಿಟ್ಟಿದ್ದಾರೆ. ಅಪ್ಪ ಗುಣವಾಗಲಿ ಅಂತ ಮಾಡಿದ ಪ್ರಾರ್ಥನೆಯ ಪಕ್ಕದಲ್ಲಿ ಗುರುತು ಹಾಕಬೇಕೋ ಬೇಡವೋ ಅಂತ ನನಗೆ ತಿಳಿಯದು. ಹಾಗೇ ಬಿಟ್ಟಿದ್ದೇನೆ.

ಪೇತ್ರನ ಪತ್ರದಲ್ಲಿ 'ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ' ಅಂತ ಇದೆಯಲ್ಲ, ಆ 'ಹಾಕಿರಿ'ಗೆ ಇರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಒಂದು ಕಡೆ ಬರುತ್ತದೆ. ಲೂಕ 19ರಲ್ಲಿ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನ ಮೇಲೆ ಹಾಕುವ ಕಡೆ. ಇದು ಗೊತ್ತಾದಾಗ ನಗು ಬಂತು. ಕತ್ತೆ ನಡೆಯುವಾಗ ಬೆನ್ನ ಮೇಲಿನ ಬಟ್ಟೆ ಒಂದೇ ಕಡೆ ನಿಲ್ಲುತ್ತದೆಯೇ? ಜಾರುತ್ತದೆ. ಮತ್ತೆ ಎತ್ತಿ ಹಾಕಬೇಕು. ಒಂದು ಸಲ ದೇವರಿಗೆ ಒಪ್ಪಿಸಿದ ಮೇಲೆ ಮತ್ತೆ ಚಿಂತೆ ಬಂದರೆ, ಒಪ್ಪಿಸಿದ್ದೇ ಸುಳ್ಳು ಅಂತ ನಾನು ಅಂದುಕೊಳ್ಳುತ್ತಿದ್ದೆ. ಈಗ ಜಾರಿದಾಗೆಲ್ಲ ಎತ್ತಿ ಹಾಕುತ್ತೇನೆ. ಕೆಲವು ದಿನ ಹತ್ತು ಸಲ, ಕೆಲವು ದಿನ ಜಾಸ್ತಿ.

ಆ ವಚನದ ಉಳಿದರ್ಧ ನಮ್ಮ ಭಾಷೆಯಲ್ಲಿ ಇನ್ನೂ ಚೆನ್ನ. 'ಆತನು ನಿಮಗೋಸ್ಕರ ಚಿಂತಿಸುತ್ತಾನೆ.' ಮೂಲದಲ್ಲಿ ಅಲ್ಲಿ ಬೇರೆ ಪದವಿದೆ. ಕನ್ನಡದಲ್ಲಿ ಮಾತ್ರ ನಾವು ಮಾಡುವುದೂ ಚಿಂತೆ, ಆತನು ಮಾಡುವುದೂ ಚಿಂತೆ. ಶಿಷ್ಯರು ದೋಣಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಿದೆ. ದೇವಶಾಂತಿ ನಿಮ್ಮ ಹೃದಯಗಳನ್ನು ಕಾಯುವುದು ಅಂತ ಪೌಲ ಬರೆಯುವ ಕಡೆಯೂ ಹೀಗೆ. ಅಲ್ಲಿರುವುದು ಸಿಪಾಯಿಗಳು ಊರಿಗೆ ಕಾವಲು ನಿಲ್ಲುವುದಕ್ಕೆ ಹೇಳುವ ಪದ. ಕಾವಲು ಬೇಕಾಗುವುದು ಹೊರಗೆ ಅಪಾಯ ಇರುವ ಊರಿಗೇ ತಾನೇ. ಹನ್ನೊಂದು ದಿನ ನಾನು ರಿಪೋರ್ಟಿಗೆ ಕಾಯುತ್ತಿದ್ದೆ ಅಂತಷ್ಟೇ ಅಂದುಕೊಂಡಿದ್ದೆ. ಕಾಯುವ ಕೆಲಸ ಇನ್ನೊಬ್ಬನೂ ಮಾಡುತ್ತಿದ್ದ ಅಂತ ಆಗ ಹೊಳೆದಿರಲಿಲ್ಲ.

ಆ ಹುಡುಗಿಯ ನಂಬರ್ ಹುಡುಕಿ ಫೋನ್ ಮಾಡಿದೆ. ಅವತ್ತು ನಾನು ಹೇಳಿದ್ದು ತಪ್ಪಮ್ಮ, ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೆನಪಿದೆ ಅಕ್ಕ" ಅಂದಳು. ಅಷ್ಟೇ. ಕೂಟಕ್ಕೆ ಬಾ ಅಂತ ಕರೆಯಲು ನನಗೆ ಮುಖವಿರಲಿಲ್ಲ. ಅವಳೂ ಬರುತ್ತೇನೆ ಅನ್ನಲಿಲ್ಲ.

ಹೋದ ವಾರ ಇವರ ಆರು ತಿಂಗಳ ಪರೀಕ್ಷೆ ಆಯಿತು. ರಿಪೋರ್ಟ್ ಇನ್ನೂ ಬಂದಿಲ್ಲ. ಈ ಸಲ ಕೂಟದಲ್ಲಿ ಮೊದಲ ಹೆಸರೇ ಇವರದು ಹೇಳಿದೆ. ಗಂಟಲು ಕಟ್ಟಿತು. ಉಳಿದ ಪ್ರಾರ್ಥನೆಯನ್ನು ಅಜ್ಜಿ ಮಾಡಿ ಮುಗಿಸಿದರು.

ನಿನ್ನೆ ರಾತ್ರಿ ಮತ್ತೆ 3 ಗಂಟೆಗೆ ಎಚ್ಚರವಾಯಿತು. ಕೈ ದಿಂಬಿನ ಕೆಳಗೆ ಹೋಯಿತು, ಫೋನ್ ತೆಗೆದೂ ನೋಡಿದೆ. ಪರಿಶೀಲನೆಯಲ್ಲಿದೆ. ಪಕ್ಕದಲ್ಲಿ ಇವರ ಗೊರಕೆ, ಎಂದಿಗಿಂತ ಜೋರಾಗಿ. ಎಬ್ಬಿಸಲಿಲ್ಲ.